ಮನೆಯಲ್ಲಿ ಕುಳಿತು ದುಡಿಯುವ ಹಕ್ಕು

ಕಛೇರಿಗೆ ಹೋಗದೆ ಮನೆಯಲ್ಲಿಯೇ ಕುಳಿತು ಕೆಲಸಮಾಡುವ ಹಕ್ಕನ್ನು ನೌಕರನಿಗೆ ಕಾನೂನು ಕೊಡಬೇಕೆ? ಅಥವಾ ಅದು ಯಜಮಾನನ ಮರ್ಜಿಗೆ ಬಿಟ್ಟ ಮಾತೆ? 2020ರಿಂದೀಚೆಗೆ ಈ ಪ್ರಶ್ನೆ ಹಲವು ದೇಶಗಳ ಶಾಸನಸಭೆಗಳನ್ನು ಹೊಕ್ಕಿದೆ. ಕಂಪ್ಯೂಟರಿನೊಡನೆ ಹುಟ್ಟಿದ ಪ್ರಶ್ನೆ ಇದು ಎಂದು ವಾಚಕರು ಭಾವಿಸಬಹುದು. ಹಾಗಲ್ಲ. ಮನೆಯೂ ಕೆಲಸದ ಜಾಗವೂ ಬೇರೆಬೇರೆಯಾದದ್ದೇ ಈಚಿನ ಸಂಗತಿ. ನೇಕಾರನ ಮಗ್ಗ, ಕುಂಬಾರನ ತಿಗರಿ, ಅಕ್ಕಸಾಲಿಯ ಅಗ್ಗಿಷ್ಟಿಕೆ ಇವೆಲ್ಲ ಇದ್ದುದು ಮನೆಯಲ್ಲಿಯೇ. ಉಗಿಯಂತ್ರ ಬಂದ ಮೇಲೆ ಜನ ಯಂತ್ರವಿದ್ದಲ್ಲಿಗೆ ಹೋಗಬೇಕಾಯಿತು. ಅವರ ಹಿಂದೆಯೇ ಕಾನೂನೂ ಕಾರ್ಖಾನೆಯ ಬಾಗಿಲಿಗೆ ಹೋಯಿತು. ದುಡಿಮೆಯ ಗಂಟೆಗಳಿಗೆ ಮಿತಿ ಹಾಕಿತು, ತನಿಖಾಧಿಕಾರಿಗಳನ್ನು ನೇಮಿಸಿತು. ಆದರೆ ಮನೆಯಲ್ಲೇ ಉಳಿದು ದುಡಿದವರು ಅದರ ಕಣ್ಣಿಗೆ ಬೀಳಲಿಲ್ಲ.

ಇಂಗ್ಲೆಂಡಿನ ಕ್ರ್ಯಾಡ್ಲಿ ಹೀತ್ ಎಂಬ ಊರನ್ನು ನೋಡಿ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಲ್ಲಿಯ ಹೆಂಗಸರು ಹಿತ್ತಲಿನ ಕುಲುಮೆಗಳಲ್ಲಿ ಕಬ್ಬಿಣದ ಸರಪಳಿ ಬಡಿಯುತ್ತಿದ್ದರು. ಮಗು ಪಕ್ಕದಲ್ಲಿ, ಸುತ್ತಿಗೆ ಕೈಯಲ್ಲಿ. ಎಷ್ಟು ಸರಪಳಿಯೋ ಅಷ್ಟು ಕೂಲಿ. ಅದೂ ಹೊಟ್ಟೆಗೆ ಸಾಲದು. 1906ರಲ್ಲಿ ಲಂಡನ್ನಿನಲ್ಲಿ ನಡೆದ ಒಂದು ಪ್ರದರ್ಶನ ಇಂಥ ಮನೆದುಡಿಮೆಯ ದುಃಸ್ಥಿತಿಯನ್ನು ನಗರದ ಜನರ ಕಣ್ಣೆದುರಿಗಿಟ್ಟಿತು. 1909ರಲ್ಲಿ ಬಂದ ವೃತ್ತಿಮಂಡಳಿಗಳ ಕಾಯಿದೆ, ಸರಪಳಿ ತಯಾರಿಕೆಯೂ ಸೇರಿದಂತೆ ನಾಲ್ಕು ವೃತ್ತಿಗಳಲ್ಲಿ ಕನಿಷ್ಠ ಕೂಲಿಯನ್ನು ಗೊತ್ತುಮಾಡಲು ಅವಕಾಶ ಕೊಟ್ಟಿತು. ಗಂಟೆಗೆ ಎರಡೂವರೆ ಪೆನ್ನಿ ಎಂದು ನಿಗದಿಯಾದಾಗ, ಈ ದರ ಸದ್ಯಕ್ಕೆ ಬೇಡವೆಂದು ಒಪ್ಪಿಗೆ ಬರೆದುಕೊಡುವಂತೆ ಅನೇಕ ಮಾಲೀಕರು ಆ ಹೆಂಗಸರನ್ನು ಒತ್ತಾಯಪಡಿಸಿದರು. 1910ರಲ್ಲಿ ಮೇರಿ ಮೆಕಾರ್ಥರ್ ಎಂಬಾಕೆಯ ಮುಂದಾಳುತನದಲ್ಲಿ ಅವರು ಸುಮಾರು ಹತ್ತು ವಾರ ಸುತ್ತಿಗೆ ಕೆಳಗಿಟ್ಟರು, ಗೆದ್ದರು. ಮನೆಯೊಳಗಿನ ದುಡಿಮೆಗೂ ಕಾನೂನಿನ ರಕ್ಷೆ ಉಂಟೆಂಬುದು ಹಿತ್ತಲಿನ ಕುಲುಮೆಯಲ್ಲಿ ಸ್ಥಾಪಿತವಾಯಿತು.

ನಮ್ಮ ನಾಡಿನಲ್ಲಿ ಇದಕ್ಕೆ ಸರಿಸಾಟಿಯಾದ ಕಥೆ ಬೀಡಿಯದು. ದಕ್ಷಿಣ ಕನ್ನಡದ ಹಳ್ಳಿಗಳನ್ನು ಬಲ್ಲವರಿಗೆ ಆ ನೋಟವನ್ನು ವರ್ಣಿಸಬೇಕಾಗಿಲ್ಲ: ಮಡಿಲಲ್ಲಿ ಗೆರಸೆ, ಗೆರಸೆಯಲ್ಲಿ ಎಲೆ, ಹೊಗೆಸೊಪ್ಪು, ನೂಲು, ಕತ್ತರಿ. ಕೂಲಿ ಸಾವಿರ ಬೀಡಿಯ ಲೆಕ್ಕ. ಎಲೆ ಕೊಡುವವನು ಗುತ್ತಿಗೆದಾರ, ಬೀಡಿ ಮಾರುವವನು ಧಣಿ. ಕಷ್ಟ ಬಂದಾಗ ಆ ಹೆಂಗಸು ಯಾರ ನೌಕರಳು ಎಂದು ಕೇಳಿದರೆ ಇಬ್ಬರೂ ಇನ್ನೊಬ್ಬರತ್ತ ಬೆರಳು ತೋರಿಸುವುದುಂಟು. 1966ರ ಬೀಡಿ ಮತ್ತು ಸಿಗಾರ್ ಕೆಲಸಗಾರರ ಕಾಯಿದೆ ಈ ಗೊಂದಲವನ್ನು ಬಿಡಿಸಿತು. ಸಾಮಾನು ಒಯ್ದು ಮನೆಯಲ್ಲಿ ಬೀಡಿ ಕಟ್ಟುವವರೂ ನೌಕರರೇ ಎಂದು ಅದು ಸಾರಿತು. ಕಾಯಿದೆಯನ್ನು ಪ್ರಶ್ನಿಸಿ ಬೀಡಿ ಮಾಲೀಕರು ಸರ್ವೋಚ್ಚ ನ್ಯಾಯಾಲಯದವರೆಗೂ ಹೋದರು. ಅವರಲ್ಲಿ ಮಂಗಳೂರಿನ ಹೆಸರು ಹೊತ್ತ ಸಂಸ್ಥೆಯೂ ಇತ್ತು. 1974ರಲ್ಲಿ ನ್ಯಾಯಾಲಯ ಕಾಯಿದೆಯನ್ನು ಎತ್ತಿಹಿಡಿಯಿತು. 1996ರಲ್ಲಿ ಜಿನೀವಾದ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಇದೇ ತತ್ವವನ್ನು ಮನೆದುಡಿಮೆಯ 177ನೆಯ ಒಡಂಬಡಿಕೆಯಲ್ಲಿ ಅಂಗೀಕರಿಸಿತು.

ಕಛೇರಿಯ ನೌಕರನ ಕಥೆ ಬೇರೆ. 1973ರಲ್ಲಿ ಜ್ಯಾಕ್ ನಿಲ್ಸ್ ಎಂಬ ಅಮೆರಿಕದ ಎಂಜಿನಿಯರು, ಜನರನ್ನು ಕೆಲಸದ ಕಡೆಗೆ ಸಾಗಿಸುವುದಕ್ಕಿಂತ ಕೆಲಸವನ್ನೇ ತಂತಿಯ ಮೂಲಕ ಜನರ ಕಡೆಗೆ ಸಾಗಿಸಬಾರದೇಕೆ ಎಂದು ಆಲೋಚಿಸಿದನು. ಟೆಲಿಕಮ್ಯೂಟಿಂಗ್ ಎಂಬ ಮಾತು ಅವನದೇ. ಅದೇ ವರ್ಷ ಪೆಟ್ರೋಲಿನ ಅಭಾವ ತಲೆದೋರಿತಾದರೂ ಕಛೇರಿಗಳು ಕದಲಲಿಲ್ಲ. ಕದಲಿಸಿದ್ದು 2020ರ ಸಾಂಕ್ರಾಮಿಕ. ಅಲ್ಲಿಯವರೆಗೆ ಅಸಾಧ್ಯವೆನಿಸಿದ್ದು ಬೆಂಗಳೂರಿನಲ್ಲಿ ಕೆಲವೇ ದಿನಗಳಲ್ಲಿ ಸಾಧ್ಯವಾಯಿತು. ಅದೇ ನವೆಂಬರಿನಲ್ಲಿ ಭಾರತ ಸರ್ಕಾರದವರು ದೂರವಾಣಿಯ ಮೂಲಕ ಸೇವೆ ಒದಗಿಸುವ ಕಂಪೆನಿಗಳ ಮೇಲಿದ್ದ ಇಂಥ ಹಲವು ನಿರ್ಬಂಧಗಳನ್ನು ತೆಗೆದುಹಾಕಿದರು.

ಈಗ ಕಾನೂನುಗಳನ್ನು ನೋಡೋಣ. ನೆದರ್ಲೆಂಡಿನಲ್ಲಿ 2016ರ ಕಾಯಿದೆ ಕೆಲಸದ ಸ್ಥಳವನ್ನು ಬದಲಾಯಿಸಿಕೊಡಿ ಎಂದು ಕೇಳುವ ಹಕ್ಕನ್ನು ಕೊಟ್ಟಿತು. ಅದನ್ನು ಬಲಪಡಿಸುವ ಮಸೂದೆ ಕೆಳಮನೆಯಲ್ಲಿ ಗೆದ್ದು 2023ರಲ್ಲಿ ಮೇಲ್ಮನೆಯಲ್ಲಿ ಬಿದ್ದುಹೋಯಿತು. ಐರ್ಲೆಂಡು 2023ರಲ್ಲಿ ಮಾಡಿದ ಕಾಯಿದೆಯೂ ಕೇಳುವ ಹಕ್ಕೇ ಹೊರತು ಪಡೆಯುವ ಹಕ್ಕಲ್ಲ. ಪೋರ್ಚುಗಲ್ ಒಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿ 2022ರ ಜನವರಿಯಲ್ಲಿ ಜಾರಿಗೆ ಬಂದ ಶಾಸನ, ಚಿಕ್ಕ ಮಕ್ಕಳಿರುವ ತಂದೆತಾಯಿಯರಿಗೆ ಷರತ್ತುಗಳ ಮೇಲೆ ಈ ಹಕ್ಕನ್ನು ವಿಸ್ತರಿಸಿತು. ಹೆಚ್ಚುವರಿ ಖರ್ಚನ್ನು ಯಜಮಾನನ ಮೇಲೆ ಹಾಕಿತು. ಬಿಡುವಿನ ವೇಳೆಯಲ್ಲಿ ನೌಕರನನ್ನು ಕರೆಯಬಾರದೆಂದಿತು. ನಮ್ಮಲ್ಲಿ 2017ರ ಹೆರಿಗೆ ಸೌಲಭ್ಯ ತಿದ್ದುಪಡಿ, ರಜೆ ಮುಗಿದ ತಾಯಿಗೆ ಮನೆಯಿಂದ ಕೆಲಸಮಾಡಲು ಯಜಮಾನನು ಅವಕಾಶ ಕೊಡಬಹುದೆಂದು ಹೇಳಿತು. 'ಕೊಡಬಹುದು' ಎಂದಿತು, 'ಕೊಡತಕ್ಕದ್ದು' ಎನ್ನಲಿಲ್ಲ.

ಯಜಮಾನರ ಆಕ್ಷೇಪಣೆಗಳು ಹುರುಳಿಲ್ಲದವಲ್ಲ. ಹೊಸದಾಗಿ ಸೇರಿದವನು ಹಿರಿಯರ ಪಕ್ಕದಲ್ಲಿ ಕುಳಿತು ಕಲಿಯುವುದು ಬಹಳ. ದಾದಿಯೂ ಬಸ್ಸಿನ ಕಂಡಕ್ಟರೂ ಪೌರಕಾರ್ಮಿಕನೂ ಮನೆಯಿಂದ ದುಡಿಯಲಾರರು. ಕೆಲವರಿಗಷ್ಟೇ ಸಿಕ್ಕುವ ಹಕ್ಕು ಸವಲತ್ತಾಗಿಬಿಡುವ ಭಯವುಂಟು. ಆದುದರಿಂದ ಎಲ್ಲರಿಗೂ ಒಂದೇ ಅಚ್ಚಿನ ಹಕ್ಕು ಸಾಧುವಲ್ಲ. ಕೆಲಸದ ಸ್ವರೂಪ ಒಪ್ಪುವ ಕಡೆ ನೌಕರನು ಕೇಳಿದರೆ, ಆಗದೆಂಬುದಕ್ಕೆ ಕಾರಣವನ್ನು ಯಜಮಾನನೇ ಬರೆದು ತೋರಿಸಬೇಕು. ಆ ಕಾರಣವನ್ನು ಪರಿಶೀಲಿಸುವ ಮೂರನೆಯವರೊಬ್ಬರಿರಬೇಕು. ಇಷ್ಟಾದರೆ ಅದು ಭಿಕ್ಷೆಯಾಗದೆ ಹಕ್ಕಾಗುತ್ತದೆ.

ಆದರೆ ಚರಿತ್ರೆ ಇನ್ನೊಂದು ಎಚ್ಚರವನ್ನೂ ಹೇಳುತ್ತದೆ. ಸರಪಳಿ ಬಡಿದವಳಿಗೂ ಬೀಡಿ ಕಟ್ಟಿದವಳಿಗೂ ಮನೆಯಲ್ಲಿ ದುಡಿಯುವ ಸ್ವಾತಂತ್ರ್ಯ ಬೇಕಾದಷ್ಟಿತ್ತು. ಬೇರೆ ದಾರಿ ಇರಲಿಲ್ಲ, ಅಷ್ಟೆ. ಬಾಡಿಗೆ, ದೀಪ, ಕುರ್ಚಿಯ ಖರ್ಚನ್ನೆಲ್ಲ ನೌಕರನ ಮೇಲೆ ಹೊರಿಸಿ, ಕಛೇರಿಯಲ್ಲಿ ಅವನ ಜಾಗವನ್ನೇ ತೆಗೆದುಬಿಟ್ಟರೆ ಅದು ಹಕ್ಕಲ್ಲ, ಹಳೆಯ ಕುಲುಮೆಯೇ. ಮನೆಯಲ್ಲಿರುವ ಹಕ್ಕಿನೊಡನೆ ಕಛೇರಿಗೆ ಹಿಂದಿರುಗುವ ಹಕ್ಕೂ, ದಿನ ಮುಗಿದ ಮೇಲೆ ಕೆಲಸವನ್ನು ಮುಚ್ಚಿಡುವ ಹಕ್ಕೂ ಕೂಡಿ ಬರಬೇಕು. ಕ್ರ್ಯಾಡ್ಲಿ ಹೀತಿನ ತಾಯಂದಿರು ಕೇಳಿದ್ದು ಮನೆಯನ್ನಲ್ಲ, ಮನೆಯೊಳಗೂ ನ್ಯಾಯವನ್ನು ಎಂಬುದನ್ನು ನಮ್ಮ ಶಾಸನಕರ್ತರು ನೆನಪಿನಲ್ಲಿಟ್ಟರೆ ಸಾಕು.