ಕಿಕಾ ನಜರೆತ್

ಕಿಕಾ ನಜರೆತ್ ಪೋರ್ಚುಗಲ್ ಮಹಿಳಾ ಫುಟ್‌ಬಾಲ್ ತಂಡದ ಆಕ್ರಮಣಕಾರಿ ಮಿಡ್‌ಫೀಲ್ಡರ್. 2002ರ ನವೆಂಬರ್ 17ರಂದು ಲಿಸ್ಬನ್ ನಗರದಲ್ಲಿ ಜನಿಸಿದ ಅವರ ಪೂರ್ಣ ಹೆಸರು ಫ್ರಾನ್ಸಿಸ್ಕಾ ರಾಮೋಸ್ ರಿಬೇರೊ ನಜರೆತ್ ಸೋಜಾ. ಫ್ರಾನ್ಸಿಸ್ಕಾ ಎಂಬುದರ ಮುದ್ದಿನ ರೂಪವಾದ 'ಕಿಕಾ' ಎಂಬ ಹೆಸರೇ ಆಟದ ಮೈದಾನದಲ್ಲಿಯೂ ಬಳಕೆಗೆ ಬಂದಿದೆ. ಲಿಸ್ಬನ್ನಿನ ಬೆನ್ಫಿಕಾ ಕ್ಲಬ್ಬಿನಲ್ಲಿ ಬೆಳೆದು, ಅಲ್ಲಿ ಸತತ ನಾಲ್ಕು ಬಾರಿ ರಾಷ್ಟ್ರೀಯ ಲೀಗ್ ಪ್ರಶಸ್ತಿಯನ್ನು ಗೆದ್ದ ಅವರು 2024ರಲ್ಲಿ ಸ್ಪೇನಿನ ಬಾರ್ಸಿಲೋನಾ ಕ್ಲಬ್ಬನ್ನು ಸೇರಿದರು. ತಾಯ್ನಾಡಿನಲ್ಲಿಯೇ ಪೂರ್ಣಪ್ರಮಾಣದ ವೃತ್ತಿಪರ ಆಟಗಾರ್ತಿಯಾಗಿ ರೂಪುಗೊಂಡು, ಅನಂತರ ಯೂರೋಪಿನ ಅಗ್ರ ಕ್ಲಬ್ಬಿಗೆ ಹೋದ ಪೋರ್ಚುಗಲ್ಲಿನ ಹೊಸ ತಲೆಮಾರಿಗೆ ಅವರ ವೃತ್ತಿಜೀವನ ಉತ್ತಮ ನಿದರ್ಶನ.

ಹಿನ್ನೆಲೆ

ಈ ಮಾತಿನ ತೂಕ ತಿಳಿಯಬೇಕಾದರೆ ಆ ದೇಶದ ಮಹಿಳಾ ಫುಟ್‌ಬಾಲಿನ ಇತಿಹಾಸವನ್ನು ಸ್ವಲ್ಪ ಗಮನಿಸಬೇಕು. ಪೋರ್ಚುಗಲ್ಲಿನ ಮಹಿಳಾ ರಾಷ್ಟ್ರೀಯ ತಂಡ 1981ರಲ್ಲಿ ಫ್ರಾನ್ಸಿನ ವಿರುದ್ಧ ತನ್ನ ಮೊದಲ ಪಂದ್ಯವನ್ನು ಆಡಿತಾದರೂ, ಎರಡೇ ವರ್ಷಗಳಲ್ಲಿ ತಂಡವನ್ನು ವಿಸರ್ಜಿಸಲಾಯಿತು. 1993ರವರೆಗೆ, ಅಂದರೆ ಒಂದು ದಶಕದ ಕಾಲ, ದೇಶಕ್ಕೆ ಮಹಿಳಾ ತಂಡವೇ ಇರಲಿಲ್ಲ. ದೇಶದೊಳಗಿನ ಲೀಗ್ ಬಹುಕಾಲ ಹವ್ಯಾಸಿ ಮಟ್ಟದಲ್ಲಿಯೇ ಉಳಿದು, ಸಿಂತ್ರಾ ಪ್ರದೇಶದ ಪ್ರಿಮೇರೊ ದೆ ದೆಝೆಂಬ್ರೊ ಎಂಬ ಸಣ್ಣ ಕ್ಲಬ್ 2002ರಿಂದ 2012ರವರೆಗೆ ಸತತ ಹನ್ನೊಂದು ಬಾರಿ ಪ್ರಶಸ್ತಿ ಗೆದ್ದಿತು. ಇಂತಹ ಸ್ಥಿತಿಯಲ್ಲಿ ಪ್ರತಿಭಾವಂತ ಆಟಗಾರ್ತಿಯರು ಆಟವನ್ನೇ ಜೀವನೋಪಾಯ ಮಾಡಿಕೊಳ್ಳಲು ಹೊರದೇಶಗಳತ್ತ ಮುಖಮಾಡಬೇಕಾಗಿತ್ತು. ನಜರೆತ್ ಅವರಿಗಿಂತ ಹಿರಿಯ ಮಿಡ್‌ಫೀಲ್ಡರುಗಳಲ್ಲಿ ಕ್ಲಾಡಿಯಾ ನೆಟೊ ಸ್ಪೇನ್, ಸ್ವೀಡನ್, ಜರ್ಮನಿಗಳಲ್ಲಿ ಆಡಿದರೆ, ಡೊಲೊರೆಸ್ ಸಿಲ್ವಾ ಇಪ್ಪತ್ತರ ಹರೆಯದಲ್ಲಿಯೇ ಜರ್ಮನಿಯ ಡೂಯಿಸ್‌ಬರ್ಗ್ ಕ್ಲಬ್ಬಿಗೆ ತೆರಳಿದ್ದರು.

2016–17ರಲ್ಲಿ ಪೋರ್ಚುಗಲ್ ಫುಟ್‌ಬಾಲ್ ಸಂಸ್ಥೆ ಲೀಗನ್ನು ಪುನರ್ರಚಿಸಿ, ಸ್ಪೋರ್ಟಿಂಗ್ ಮತ್ತು ಬ್ರಾಗಾದಂತಹ ದೊಡ್ಡ ಕ್ಲಬ್ಬುಗಳನ್ನು ಅದರೊಳಕ್ಕೆ ತಂದಿತು. ಬೆನ್ಫಿಕಾ ತನ್ನ ಮಹಿಳಾ ತಂಡದ ಸ್ಥಾಪನೆಯನ್ನು 2017ರ ಡಿಸೆಂಬರಿನಲ್ಲಿ ಪ್ರಕಟಿಸಿ, 2018–19ರ ಋತುವನ್ನು ಎರಡನೆಯ ದರ್ಜೆಯ ಲೀಗಿನಲ್ಲಿ ಆರಂಭಿಸಿತು. ಮೊದಲ ಅಧಿಕೃತ ಪಂದ್ಯವನ್ನೇ 28–0 ಗೋಲುಗಳಿಂದ ಗೆದ್ದುಕೊಂಡಿತು. ಹೊಸ ತಂಡದ ಬಲಕ್ಕೆ ಸಾಕ್ಷಿಯಾದ ಈ ಅಂತರವೇ, ಹಣ ಮತ್ತು ತರಬೇತಿಯ ಆಸರೆಯಿಲ್ಲದ ಸಣ್ಣ ಕ್ಲಬ್ಬುಗಳು ಎಷ್ಟು ಹಿಂದೆ ಉಳಿದಿದ್ದವೆಂಬುದನ್ನೂ ತೋರಿಸುತ್ತದೆ.

ಬೆನ್ಫಿಕಾದ ವರ್ಷಗಳು

ಹದಿಹರೆಯದಲ್ಲಿ ಬೆನ್ಫಿಕಾ ಸೇರಿದ ನಜರೆತ್ ಅವರ ಬೆಳವಣಿಗೆಯೂ ಆ ತಂಡದ ಬೆಳವಣಿಗೆಯೂ ಜೊತೆಜೊತೆಯಾಗಿ ಸಾಗಿದವು. 2020–21ರಿಂದ 2023–24ರವರೆಗಿನ ನಾಲ್ಕೂ ಋತುಗಳಲ್ಲಿ ಬೆನ್ಫಿಕಾ ಲೀಗ್ ಪ್ರಶಸ್ತಿಯನ್ನು ಗೆದ್ದಿತು. ಇವುಗಳಲ್ಲಿ ಕೊನೆಯ ಋತುವಿನಲ್ಲಿ ಲೀಗ್, ಪೋರ್ಚುಗಲ್ ಕಪ್, ಲೀಗ್ ಕಪ್ ಮತ್ತು ಸೂಪರ್ ಕಪ್ ಎಂಬ ದೇಶದ ನಾಲ್ಕೂ ಪ್ರಶಸ್ತಿಗಳು ಅದರ ಪಾಲಾದವು.

ಯೂರೋಪಿನ ಚಾಂಪಿಯನ್ಸ್ ಲೀಗಿನಲ್ಲಿ 2021–22ರಿಂದ ಗುಂಪು ಹಂತ ಜಾರಿಗೆ ಬಂದಾಗ ಆ ಹಂತವನ್ನು ತಲುಪಿದ ಮೊದಲ ಪೋರ್ಚುಗೀಸ್ ತಂಡ ಬೆನ್ಫಿಕಾ. 2023–24ರಲ್ಲಿ ಅದು ಕ್ವಾರ್ಟರ್ ಫೈನಲನ್ನೂ ಪ್ರವೇಶಿಸಿ, ಫ್ರಾನ್ಸಿನ ಲಿಯೋನ್ ತಂಡಕ್ಕೆ ಸೋತಿತು. ಅದೇ ಋತುವಿನ ಗುಂಪು ಹಂತದಲ್ಲಿ, 2024ರ ಜನವರಿಯಲ್ಲಿ, ಆಗಿನ ಯೂರೋಪ್ ಚಾಂಪಿಯನ್ ಆಗಿದ್ದ ಬಾರ್ಸಿಲೋನಾದ ವಿರುದ್ಧ ಬೆನ್ಫಿಕಾ 4–4ರ ಸಮಬಲ ಸಾಧಿಸಿತು. ಏಳು ವರ್ಷವೂ ತುಂಬದ ತಂಡವೊಂದು ಯೂರೋಪಿನ ಅತ್ಯಂತ ಬಲಿಷ್ಠ ತಂಡಕ್ಕೆ ನಾಲ್ಕು ಗೋಲುಗಳನ್ನು ಹೊಡೆದದ್ದು ಪೋರ್ಚುಗಲ್ಲಿನ ಆಟದ ಚರಿತ್ರೆಯಲ್ಲಿ ಹೆಮ್ಮೆಯಿಂದ ನೆನೆಯಬೇಕಾದ ಸಂಗತಿ.

ಆಟದ ಶೈಲಿ

ಆಕ್ರಮಣಕಾರಿ ಮಿಡ್‌ಫೀಲ್ಡರ್ ಎಂದರೆ ಮಿಡ್‌ಫೀಲ್ಡ್ ಸಾಲಿನ ಮುಂತುದಿಯಲ್ಲಿ, ಸ್ಟ್ರೈಕರ್‌ಗಿಂತ ತುಸು ಹಿಂದೆ ನಿಂತು, ಗೋಲಿನ ಅವಕಾಶಗಳನ್ನು ಸೃಷ್ಟಿಸುವ ಆಟಗಾರ್ತಿ. ಎದುರಾಳಿಗಳ ಮಿಡ್‌ಫೀಲ್ಡ್ ಸಾಲಿಗೂ ಡಿಫೆನ್ಸ್ ಸಾಲಿಗೂ ನಡುವೆ ಉಳಿಯುವ ಕಿರಿದಾದ ಜಾಗವೇ ಅವಳ ಕಾರ್ಯಕ್ಷೇತ್ರ. ಅಲ್ಲಿ ಚೆಂಡು ಕಾಲಿಗೆ ಬಂದ ಮರುಗಳಿಗೆಯಲ್ಲಿಯೇ ಡಿಫೆಂಡರುಗಳು ಮೇಲೆ ಬೀಳುವುದರಿಂದ, ಚೆಂಡು ತಲುಪುವ ಮೊದಲೇ ಸುತ್ತ ಯಾರಿದ್ದಾರೆಂದು ಕಣ್ಣಾಡಿಸಿ, ಮೊದಲ ಸ್ಪರ್ಶದಲ್ಲಿಯೇ ಗೋಲಿನತ್ತ ತಿರುಗಿ, ಪಾಸ್ ಕೊಡಬೇಕೆ, ಚೆಂಡನ್ನು ತಾನೇ ಒಯ್ಯಬೇಕೆ ಅಥವಾ ಒದೆಯಬೇಕೆ ಎಂಬುದನ್ನು ಕ್ಷಣಾರ್ಧದಲ್ಲಿ ತೀರ್ಮಾನಿಸಬೇಕಾಗುತ್ತದೆ. ನಜರೆತ್ ಅವರ ಹೆಸರು ಬೆಳಗಿರುವುದು ಈ ಬಗೆಯ ಚುರುಕಿನಿಂದ. ಅಗತ್ಯ ಬಿದ್ದಾಗ ಅವರು ಮುಂಚೂಣಿಯಲ್ಲಿಯೂ ಆಡುತ್ತಾರೆ.

ರಾಷ್ಟ್ರೀಯ ತಂಡದಲ್ಲಿ

2014ರಿಂದ ಫ್ರಾನ್ಸಿಸ್ಕೊ ನೆಟೊ ಅವರ ತರಬೇತಿಯಲ್ಲಿರುವ ರಾಷ್ಟ್ರೀಯ ತಂಡ 2017ರಲ್ಲಿ ಮೊದಲ ಬಾರಿಗೆ ಯೂರೋ ಕಪ್ ಆಡಿತು. ರಷ್ಯಾ ಅಮಾನತಾದ ಕಾರಣ ತೆರವಾದ ಸ್ಥಾನದಲ್ಲಿ ಪೋರ್ಚುಗಲ್ ಆಡಿದ 2022ರ ಯೂರೋ ಕಪ್ ನಜರೆತ್ ಅವರ ಪಾಲಿಗೆ ಮೊದಲ ದೊಡ್ಡ ಪಂದ್ಯಾವಳಿ.

2023ರ ವಿಶ್ವಕಪ್ಪಿಗೆ ಪೋರ್ಚುಗಲ್ ಮೊತ್ತಮೊದಲ ಬಾರಿಗೆ ಅರ್ಹತೆ ಪಡೆದದ್ದು ಪ್ಲೇಆಫ್ ಎಂಬ ಕೊನೆಯ ಅರ್ಹತಾ ಸುತ್ತಿನಲ್ಲಿ, ಕ್ಯಾಮರೂನಿನ ವಿರುದ್ಧ ಹೆಚ್ಚುವರಿ ನಿಮಿಷಗಳಲ್ಲಿ ದೊರೆತ ಪೆನಾಲ್ಟಿಯ ಬಲದಿಂದ. ನ್ಯೂಜಿಲೆಂಡಿನ ಹ್ಯಾಮಿಲ್ಟನ್ ನಗರದಲ್ಲಿ ಜುಲೈ 27ರಂದು ವಿಯೆಟ್ನಾಂ ವಿರುದ್ಧ ನಡೆದ ಪಂದ್ಯದಲ್ಲಿ ತೆಲ್ಮಾ ಎನ್‌ಕಾರ್ನಸಾವ್ ಏಳನೆಯ ನಿಮಿಷದಲ್ಲಿ ದೇಶದ ಮೊದಲ ವಿಶ್ವಕಪ್ ಗೋಲನ್ನು ಹೊಡೆದರೆ, ಇಪ್ಪತ್ತೊಂದನೆಯ ನಿಮಿಷದಲ್ಲಿ ಅದೇ ತೆಲ್ಮಾ ಒದಗಿಸಿದ ಚೆಂಡನ್ನು ನಜರೆತ್ ಗೋಲಿಗೆ ಸೇರಿಸಿದರು. 2–0ರ ಆ ಗೆಲುವು ವಿಶ್ವಕಪ್ಪಿನಲ್ಲಿ ಪೋರ್ಚುಗಲ್ಲಿಗೆ ದಕ್ಕಿದ ಮೊದಲ ಜಯವಾಯಿತು. ಆಕ್ಲೆಂಡಿನಲ್ಲಿ ನಡೆದ ಕೊನೆಯ ಗುಂಪು ಪಂದ್ಯದಲ್ಲಿ ಅಮೆರಿಕದ ಎದುರು ಗೆದ್ದಿದ್ದರೆ ತಂಡ ಮುಂದಿನ ಸುತ್ತಿಗೆ ಹೋಗುತ್ತಿತ್ತು. ಆದರೆ ಅಂತಿಮ ಗಳಿಗೆಯಲ್ಲಿ ಆನಾ ಕಪೆತಾ ಒದೆದ ಚೆಂಡು ಗೋಲು ಕಂಬಕ್ಕೆ ಬಡಿದು ಹಿಂದಿರುಗಿ, ಪಂದ್ಯ ಗೋಲಿಲ್ಲದೆ ಮುಗಿಯಿತು.

ಬಾರ್ಸಿಲೋನಾ ಮತ್ತು ಅನಂತರ

2024ರ ಜುಲೈಯಲ್ಲಿ ಬಾರ್ಸಿಲೋನಾ ನಜರೆತ್ ಅವರೊಡನೆ 2028ರವರೆಗಿನ ಒಪ್ಪಂದ ಮಾಡಿಕೊಂಡಿತು. ಸುಮಾರು ಐದು ಲಕ್ಷ ಯೂರೋ ಎಂದು ವರದಿಯಾದ ವರ್ಗಾವಣೆ ಮೊತ್ತ ಪೋರ್ಚುಗಲ್ಲಿನ ಮಹಿಳಾ ಫುಟ್‌ಬಾಲಿನಲ್ಲಿ ಅದುವರೆಗಿನ ದಾಖಲೆಯಾಗಿತ್ತು. ವರ್ಗಾವಣೆ ಮೊತ್ತವೆಂದರೆ ಒಪ್ಪಂದದ ಅವಧಿ ಮುಗಿಯುವ ಮುನ್ನ ಆಟಗಾರ್ತಿಯನ್ನು ಬಿಟ್ಟುಕೊಡುವ ಕ್ಲಬ್ಬಿಗೆ ಸಲ್ಲುವ ಹಣ. ಹಿಂದಿನ ತಲೆಮಾರಿನವರು ನೆಲೆ ಅರಸಿಕೊಂಡು ದೇಶ ಬಿಟ್ಟಿದ್ದರೆ, ನಜರೆತ್ ಅವರನ್ನು ಪಡೆಯಲು ಹೊರದೇಶದ ಕ್ಲಬ್ ಬೆಲೆ ತೆರಬೇಕಾಯಿತು. ಆ ಹಣ ಅವರನ್ನು ಬೆಳೆಸಿದ ಕ್ಲಬ್ಬಿಗೇ ಸೇರಿತು ಎಂಬುದರಲ್ಲಿ ಈ ದಾಖಲೆಯ ನಿಜವಾದ ಮಹತ್ವವಿದೆ.

2024–25ರಲ್ಲಿ ಬಾರ್ಸಿಲೋನಾ ಸ್ಪೇನಿನ ಲೀಗ್, ರಾಣಿ ಕಪ್ ಮತ್ತು ಸೂಪರ್ ಕಪ್‌ಗಳನ್ನು ಗೆದ್ದರೂ, ನಜರೆತ್ ಅವರ ಊರಾದ ಲಿಸ್ಬನ್ನಿನಲ್ಲಿಯೇ ನಡೆದ ಚಾಂಪಿಯನ್ಸ್ ಲೀಗ್ ಫೈನಲಿನಲ್ಲಿ ಆರ್ಸೆನಲ್ ತಂಡಕ್ಕೆ 0–1ರಿಂದ ಸೋತಿತು. ಆ ಋತುವಿನಲ್ಲಿ ಕಣಕಾಲಿಗೆ ಆದ ತೀವ್ರ ಗಾಯದಿಂದ ದೀರ್ಘಕಾಲ ಹೊರಗುಳಿದ ನಜರೆತ್, ಸ್ವಿಟ್ಜರ್ಲೆಂಡಿನಲ್ಲಿ ನಡೆದ 2025ರ ಯೂರೋ ಕಪ್ಪಿನ ಹೊತ್ತಿಗೆ ಚೇತರಿಸಿಕೊಂಡು ತಂಡಕ್ಕೆ ಮರಳಿದರು. ಅಲ್ಲಿ ಸ್ಪೇನಿಗೆ 0–5ರಿಂದ ಸೋತು, ಇಟಲಿಯೊಡನೆ 1–1ರ ಸಮ ಸಾಧಿಸಿ, ಬೆಲ್ಜಿಯಂಗೆ 1–2ರಿಂದ ಸೋತ ಪೋರ್ಚುಗಲ್ ಗುಂಪು ಹಂತದಲ್ಲಿಯೇ ಹೊರಬಿದ್ದಿತು. ಅಲ್ಲಿಗೆ ದೇಶದ ಮಹಿಳಾ ತಂಡ ಮೂರು ಯೂರೋ ಕಪ್ ಹಾಗೂ ಒಂದು ವಿಶ್ವಕಪ್ ಆಡಿದಂತಾಯಿತು. ನಾಲ್ಕರಲ್ಲಿಯೂ ಅದು ಗುಂಪು ಹಂತವನ್ನು ದಾಟಲಿಲ್ಲ. ತಾಯ್ನಾಡಿನಲ್ಲಿಯೇ ಅರಳಿದ ನಜರೆತ್ ಅವರ ಪೀಳಿಗೆಯ ಮುಂದೆ ಉಳಿದಿರುವ ಕೆಲಸ ಆಕ್ಲೆಂಡಿನಲ್ಲಿ ಒಂದು ಗೋಲು ಕಂಬದಷ್ಟೇ ಅಂತರದಲ್ಲಿ ತಪ್ಪಿಹೋದ ಆ ಹಂತವನ್ನು ದಾಟುವುದು.