ಮೆಟ್ಟಿಲುಬಾವಿಯಿಂದ ಬಿಸಿಯೂಟದ ಪಂಕ್ತಿಗೆ

ಬೆಳಗಾವಿ ಜಿಲ್ಲೆಯ ರಾಮದುರ್ಗ 1948ರವರೆಗೆ ಭಾವೆ ಮನೆತನದ ಸಂಸ್ಥಾನದ ರಾಜಧಾನಿ, ಆಮೇಲೆ ಮುಂಬಯಿ ಪ್ರಾಂತ್ಯದ ಭಾಗ, 1956ರಿಂದ ಮೈಸೂರು (ಈಗಿನ ಕರ್ನಾಟಕ) ರಾಜ್ಯದ್ದು. ಸರಕಾರಗಳು ಬದಲಾದರೂ ಈ ಸೀಮೆಯ ‘ಕನ್ನಡ ಸಾಲಿ’ಗಳಲ್ಲಿ ಒಂದು ರೂಢಿ ಬದಲಾಗಲಿಲ್ಲ. ಪ್ರಾರ್ಥನೆ ಮುಗಿಯುತ್ತಲೇ ಹುಡುಗರು ಕೈ ಮುಂದೆ ಚಾಚಬೇಕು. ಮಾಸ್ತರರು ಸಾಲಿನುದ್ದಕ್ಕೂ ಉಗುರು, ಹಲ್ಲು, ತಲೆ ನೋಡುತ್ತ ಹೋಗಬೇಕು. ಉಗುರಲ್ಲಿ ಮಣ್ಣು ಕಂಡರೆ ಅಂಗೈಗೆ ಏಟು. ಮನೆಯಲ್ಲಿ ಸಾಬೂನು ಇದೆಯೇ, ನೀರು ಎಷ್ಟು ದೂರದಿಂದ ಬರುತ್ತದೆ ಎಂದು ಕೇಳುವ ಪದ್ಧತಿ ಇರಲಿಲ್ಲ.

1937ರ ವರ್ಧಾ ಸಮ್ಮೇಳನದ ನಂತರ ಜಾಕಿರ್ ಹುಸೇನ್ ಸಮಿತಿ ರೂಪಿಸಿದ ಮೂಲಶಿಕ್ಷಣದಲ್ಲಿ ನೂಲುವ ಕೆಲಸದ ಜತೆಗೆ ಶುಚಿತ್ವ ಮತ್ತು ಸಮಾಜ ಪಾಠಕ್ಕೂ ಜಾಗ ಸಿಕ್ಕಿತು. ಬಿ.ಜಿ. ಖೇರ್ ಸರಕಾರ ಮುಂಬಯಿ ಪ್ರಾಂತ್ಯದಲ್ಲಿ ಅದನ್ನು ಪ್ರಯೋಗಕ್ಕೂ ತಂದಿತು.

ಆದರೆ ಶುಚಿತ್ವದ ಪಾಠ ಎಷ್ಟು ಗಂಭೀರವಾದದ್ದು ಎಂಬುದನ್ನು ಉತ್ತರ ಕರ್ನಾಟಕಕ್ಕೆ ತೋರಿಸಿಕೊಟ್ಟದ್ದು ನಾರುಹುಣ್ಣು ಎಂಬ ರೋಗ. ರೋಗಿಯ ಕಾಲಿನಲ್ಲಿ ಬೊಬ್ಬೆ ಎದ್ದು ಉರಿಯುತ್ತದೆ. ಉರಿ ತಾಳದೆ ಆತ ಮೆಟ್ಟಿಲುಬಾವಿಗೆ ಇಳಿದು ಕಾಲಿಡುತ್ತಾನೆ. ಬೊಬ್ಬೆ ಒಡೆದು ಮರಿಹುಳುಗಳು ನೀರಿಗೆ ಸೇರುತ್ತವೆ, ಅವನ್ನು ಸೈಕ್ಲಾಪ್ಸ್ ಎಂಬ, ಕಣ್ಣಿಗೆ ಕಾಣುವುದೇ ಕಷ್ಟವೆನ್ನುವಷ್ಟು ಸಣ್ಣ ನೀರುಜೀವಿ ನುಂಗುತ್ತದೆ. ಆ ನೀರು ಕುಡಿದವರ ಕಾಲಿನಿಂದ ಸುಮಾರು ಒಂದು ವರ್ಷದ ಮೇಲೆ ಮೊಳಕ್ಕೂ ಉದ್ದದ ಹುಳು ಹೊರಬರುತ್ತದೆ. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಎಂದು ಎಳೆಯಬೇಕು. ಅವಸರಪಟ್ಟರೆ ತುಂಡಾಗಿ ಗಾಯ ಕೀವಾಗುತ್ತದೆ. ಔಷಧವೂ ಇಲ್ಲ, ಲಸಿಕೆಯೂ ಇಲ್ಲ.

1980ರ ದಶಕದಲ್ಲಿ ಶುರುವಾದ ರಾಷ್ಟ್ರೀಯ ನಿರ್ಮೂಲನ ಕಾರ್ಯಕ್ರಮದ ಉಪಾಯ ಸರಳವಾಗಿತ್ತು: ಮಡಿಚಿದ ಅರಿವೆಯಲ್ಲಿ ನೀರು ಸೋಸಿ ಕುಡಿಯಿರಿ, ಹುಣ್ಣಿದ್ದವರು ಬಾವಿಗೆ ಇಳಿಯಬೇಡಿ. ಜತೆಗೆ ಮೆಟ್ಟಿಲುಬಾವಿಗಳು ಸೇದುವ ಬಾವಿಗಳಾದವು, ಊರೂರಿಗೆ ಬೋರಿಂಗ್ ಬಂತು. ದೇಶದ ಕೊನೆಯ ಪ್ರಕರಣ 1996ರಲ್ಲಿ ರಾಜಸ್ಥಾನದಲ್ಲಿ ಕಂಡಿತು. 2000ದಲ್ಲಿ ಭಾರತ ನಾರುಹುಣ್ಣು ಮುಕ್ತವೆಂದು ಘೋಷಣೆಯಾಯಿತು. ಬರೀ ಉಪದೇಶದಿಂದ ಇದು ಆಗುತ್ತಿರಲಿಲ್ಲ. ತಿಳಿವಳಿಕೆಯ ಬೆನ್ನಿಗೇ ಒಳ್ಳೆಯ ನೀರೂ ಬಂದದ್ದರಿಂದ ಆಯಿತು.

ಶಾಲೆಯ ಊಟದ ಕಥೆಯೂ ಇದೇ ದಾರಿಯದು. ಕೇಂದ್ರ ಸರಕಾರದ 1995ರ ಶಾಲಾ ಪೋಷಣೆ ಯೋಜನೆಯಲ್ಲಿ ಹಾಜರಾತಿ ನೋಡಿ ಮಗುವಿಗೆ ತಿಂಗಳಿಗೆ 3 ಕೆ.ಜಿ. ಧಾನ್ಯ ಕೊಡುತ್ತಿದ್ದರು; ಅದು ಮನೆಯವರೆಲ್ಲರ ಗಡಿಗೆಗೆ ಬೀಳುತ್ತಿತ್ತು. ಬೇಯಿಸಿದ ಊಟವನ್ನೇ ಬಡಿಸಬೇಕೆಂದು ಸುಪ್ರೀಂ ಕೋರ್ಟ್ 2001ರಲ್ಲಿ ಆದೇಶಿಸಿತು. ಕರ್ನಾಟಕದ ಬಿಸಿಯೂಟ ಯೋಜನೆ ‘ಅಕ್ಷರ ದಾಸೋಹ’ 2002ರಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಆರಂಭವಾಗಿ, ಮರುವರ್ಷ ಬೆಳಗಾವಿಗೂ ಬಂತು. ಶರಣರ ನಾಡಿನಲ್ಲಿ ದಾಸೋಹ ಹೊಸದಲ್ಲ. ಆದರೆ ಎಲ್ಲ ಓಣಿಗಳ ಮಕ್ಕಳೂ ದಿನಾ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವುದು ಬಹಳ ಊರುಗಳಿಗೆ ಹೊಸದು. ದಲಿತ ಅಡುಗೆಯವರ ಕೈಯೂಟ ಬೇಡವೆಂದು ಪಾಲಕರು ತಕರಾರು ತೆಗೆದ ಸುದ್ದಿಗಳು ರಾಜ್ಯದ ಹಲವೆಡೆಯಿಂದ ಬಂದವು. ಸಮಾಜ ಪಾಠದ ನಿಜವಾದ ಪರೀಕ್ಷೆ ತಟ್ಟೆಯ ಮುಂದೆ ನಡೆಯಿತು. ಉತ್ತರ ಬರೆಯಬೇಕಾದವರು ಹಿರಿಯರು.

2013ರ ಆಗಸ್ಟ್‌ನಲ್ಲಿ ಕ್ಷೀರಭಾಗ್ಯ ಸೇರಿತು: 18 ಗ್ರಾಂ ಹಾಲಿನ ಪುಡಿಯಿಂದ 150 ಮಿ.ಲೀ. ಬಿಸಿ ಹಾಲು. 2015ರಿಂದ ಜಂತುಹುಳು ನಿವಾರಣಾ ದಿನ ಶುರುವಾಯಿತು. ಆ ದಿನ ಮಾಸ್ತರರು, ಅಕ್ಕೋರು ಎದುರಿಗೇ ನಿಂತು ಅಲ್ಬೆಂಡಜೋಲ್ ಗುಳಿಗೆ ಅಗಿಸುತ್ತಾರೆ.

ಈಗ ಶಾಲಾ ಸಂಸತ್ತಿನಲ್ಲಿ ಆರೋಗ್ಯ ಮಂತ್ರಿಯಾದ ಹುಡುಗಿಯೇ ಸಹಪಾಠಿಗಳ ಉಗುರು ನೋಡುತ್ತಾಳೆ. ಮಕ್ಕಳ ಗ್ರಾಮಸಭೆಯಲ್ಲಿ ಅದೇ ಮಕ್ಕಳು ಎದ್ದು ನಿಂತು, ಶೌಚಾಲಯಕ್ಕೆ ನೀರಿಲ್ಲ, ಕಾಂಪೌಂಡ್ ಬಿದ್ದಿದೆ ಎಂದು ಪಂಚಾಯಿತಿಯವರ ಮುಂದೆ ಹೇಳಬಹುದು. ಆ ದೂರು ನಡಾವಳಿ ಪುಸ್ತಕಕ್ಕೆ ಏರಿದರೆ, ಉತ್ತರ ಕೊಡುವ ಹೊಣೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರದು.