ಆಚೆಯ ತುದಿ

2020ರ ಬೇಸಗೆ ಕಳೆದು ಕಾಲೇಜಿನ ಬಾಗಿಲು ತೆರೆಯಬೇಕಾಗಿದ್ದ ಹೊತ್ತಿನಲ್ಲಿ, ತೆರೆಯಲಾರದ ಬಾಗಿಲಿನ ಹಿಂದೆ ಕುಳಿತು ನಮ್ಮದೊಂದು ಸಮಿತಿ ಸಭೆ ಸೇರಿತು. ಮನೆಯಲ್ಲಿರುವ ವಿದ್ಯಾರ್ಥಿಗಳಿಗೆ ಮನೆಯಲ್ಲಿರುವ ಅಧ್ಯಾಪಕರು ಪಾಠ ಹೇಳಬೇಕು. ಅದಕ್ಕೆ ಯಾವ ವಿಡಿಯೊ ಕಾನ್ಫರೆನ್ಸ್ ತಂತ್ರಾಂಶವನ್ನು ಆರಿಸುವುದು ಎಂಬುದೇ ಚರ್ಚೆಯ ವಿಷಯ. ಕನ್ನಡದ ಮೇಷ್ಟರಾದ ನನ್ನನ್ನು ಆ ಸಮಿತಿಗೆ ಏಕೆ ಸೇರಿಸಿದರೋ ತಿಳಿಯದು. ಪ್ರಾಯಶಃ ಸಭೆಯ ನಡವಳಿಯನ್ನು ತಪ್ಪಿಲ್ಲದೆ ಬರೆಯುವವರೊಬ್ಬರು ಬೇಕಾಗಿದ್ದಿರಬೇಕು. ಗಣಕ ವಿಭಾಗದ ಮಿತ್ರರು ಐದಾರು ತಂತ್ರಾಂಶಗಳ ಗುಣದೋಷಗಳನ್ನು ಪಟ್ಟಿ ಮಾಡಿ ತಂದಿದ್ದರು. ಸುಮ್ಮನಿರಲಾರದೆ ನಾನೂ ಬಾಯಿ ಹಾಕಿದೆ: “ಮುಖ ಸ್ಪಷ್ಟವಾಗಿ ಕಾಣುವುದನ್ನೇ ಆರಿಸೋಣ. ಮುಖ ಕಾಣದೆ ಪಾಠ ಹೇಗೆ?” ಎಲ್ಲರೂ ತಲೆದೂಗಿದರು. ಆ ಮಾತು ತಪ್ಪೆಂದು ಅರಿಯಲು ನನಗೆ ಎರಡು ತಿಂಗಳು ಬೇಕಾಯಿತು. ಏಕೆ ತಪ್ಪೆಂದು ಅರಿಯಲು ಈ ಮುಖ ಕಾಣುವ ಮಾತುಕತೆಯ ಚರಿತ್ರೆಯನ್ನೇ ಓದಬೇಕಾಯಿತು.

ಆ ಚರಿತ್ರೆ ನಾವು ತಿಳಿದುಕೊಂಡಿರುವುದಕ್ಕಿಂತ ಹಳೆಯದು. ಅಮೆರಿಕದ ಎ.ಟಿ. ಅಂಡ್ ಟಿ. ಸಂಸ್ಥೆಯವರು 1964ರಲ್ಲಿ ನ್ಯೂಯಾರ್ಕಿನ ವಿಶ್ವ ಪ್ರದರ್ಶನದಲ್ಲಿ ‘ಪಿಕ್ಚರ್‌ಫೋನ್’ ಎಂಬ ಯಂತ್ರವನ್ನು ಜನರ ಮುಂದಿಟ್ಟರು. ಅದೇ ವರ್ಷ ನ್ಯೂಯಾರ್ಕ್, ಷಿಕಾಗೊ, ವಾಷಿಂಗ್ಟನ್ ನಗರಗಳಲ್ಲಿ ಅದಕ್ಕೆಂದೇ ಕೊಠಡಿಗಳನ್ನು ತೆರೆದರು. ಮೂರು ನಿಮಿಷದ ಮಾತಿಗೆ 16ರಿಂದ 27 ಡಾಲರ್! 1970ರಲ್ಲಿ ಪಿಟ್ಸ್‌ಬರ್ಗಿನ ಕಚೇರಿಗಳಿಗೆ ತಿಂಗಳಿಗೆ 160 ಡಾಲರಿನಂತೆ ಅದನ್ನು ಕೊಡಲು ಹೊರಟರು. ಕೊಂಡವರು ಬೆರಳೆಣಿಕೆಯಷ್ಟು ಮಂದಿ. ಚಿತ್ರವೇನೋ ಕಾಣುತ್ತಿತ್ತು, ಆದರೆ ನಾನೊಬ್ಬನೇ ಕೊಂಡು ಯಾರ ಮುಖ ನೋಡಲಿ? ಇನ್ನೊಬ್ಬನೂ ಅಷ್ಟೇ ಹಣ ತೆತ್ತು ಕೊಂಡಿರಬೇಕಲ್ಲ! ಈಚೆಯ ತುದಿಯಲ್ಲಿ ಎಷ್ಟು ವೈಭವವಿದ್ದರೂ ಆಚೆಯ ತುದಿ ಬರಿದಾಗಿದ್ದರೆ ಯಂತ್ರ ಮೂಕ. ಕೆಲವೇ ವರ್ಷಗಳಲ್ಲಿ ಆ ವ್ಯಾಪಾರ ಮುಚ್ಚಿಹೋಯಿತು.

ನಮ್ಮ ದೇಶದವರು ದೂರದ ಪಾಠವನ್ನು ಬೇರೆ ತುದಿಯಿಂದ ಆರಂಭಿಸಿದರೆನ್ನಬೇಕು. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ, ಅಮೆರಿಕದ ಎ.ಟಿ.ಎಸ್.-6 ಉಪಗ್ರಹವನ್ನು ಎರವಲು ಪಡೆದು, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನದ ಮೂಲಕ ಪಾಠ ಮುಟ್ಟಿಸಿದ ‘ಸೈಟ್’ ಪ್ರಯೋಗವನ್ನು ಹಿರಿಯ ವಾಚಕರು ಮರೆತಿರಲಾರರು. ವಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಕೋಳಿಗೂಡಿಗೆ ಹಾಕುವಂಥ ತಂತಿಬಲೆಯಿಂದ ಮಾಡಿದ ದೊಡ್ಡ ಬೋಗುಣಿಯಂಥ ಆಂಟೆನಾ, ಊರಿಗೆಲ್ಲ ಒಂದು ಪೆಟ್ಟಿಗೆ, ಅದರ ಮುಂದೆ ನೆಲದ ಮೇಲೆ ಕುಳಿತ ಮಕ್ಕಳು. ಅತ್ಯಂತ ದೂರದವನಿಗೆ ಮೊದಲು ಮುಟ್ಟಬೇಕೆಂಬುದು ಆ ಪ್ರಯೋಗದ ಸಂಕಲ್ಪ. ಆದರೆ ಅದು ಒಮ್ಮುಖದ ಹಾದಿ. ಮಗುವಿಗೆ ಗುರು ಕಾಣುತ್ತಿದ್ದ. ಗುರುವಿಗೆ ಮಗು ಕಾಣುತ್ತಿರಲಿಲ್ಲ. “ಅರ್ಥವಾಗಲಿಲ್ಲ, ಇನ್ನೊಮ್ಮೆ ಹೇಳಿ” ಎನ್ನಲು ರಾಯಚೂರಿನ ಹುಡುಗನಿಗೆ ದಾರಿಯಿರಲಿಲ್ಲ.

ಮಾತು ಎರಡೂ ಕಡೆಗೆ ಹರಿಯಬೇಕಾದರೆ, ಅದೂ ಬಡವನ ಮನೆಯ ಸಣ್ಣ ತಂತಿಯಲ್ಲಿ ಹರಿಯಬೇಕಾದರೆ, ಚಿತ್ರದ ಭಾರ ಇಳಿಯಬೇಕು. ಅದನ್ನು ಇಳಿಸುವ ಉಪಾಯ ಹೇಳಿದವರು ನಮ್ಮವರೇ. ನಾಸಿರ್ ಅಹ್ಮದ್ 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ವಿಶ್ವೇಶ್ವರಯ್ಯನವರು ಸ್ಥಾಪಿಸಿದ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, ಮುಂದೆ ಅಮೆರಿಕದ ಕ್ಯಾನ್ಸಾಸಿನಲ್ಲಿ ಅಧ್ಯಾಪಕರಾದವರು. 1972ರಲ್ಲಿ ಅವರು ಒಂದು ಗಣಿತದ ಉಪಾಯವನ್ನು ಬೆಳೆಸಲು ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಸಹಾಯಧನ ಕೇಳಿದರು. ಪರೀಕ್ಷಕರೊಬ್ಬರಿಗೆ ಅದು ತೀರ ಸರಳವೆಂದು ತೋರಿತಂತೆ, ಹಣ ಬರಲಿಲ್ಲ. ಅವರು ಬಿಡದೆ ಕೆಲಸ ನಡೆಸಿ, ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಡನೆ 1974ರಲ್ಲಿ ಲೇಖನ ಪ್ರಕಟಿಸಿದರು. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎನ್ನುತ್ತೇವಲ್ಲ, ಆ ಉಪಾಯದ ತಿರುಳೂ ಸುಮಾರಾಗಿ ಅದೇ. ಚಿತ್ರವನ್ನು ಚಿಕ್ಕ ಚಿಕ್ಕ ಚೌಕಗಳಾಗಿ ಮಾಡಿ, ಪ್ರತಿಯೊಂದನ್ನೂ ದೊಡ್ಡ ಏರಿಳಿತ, ಸಣ್ಣ ಏರಿಳಿತಗಳಾಗಿ ಬಿಡಿಸಿದರೆ, ಕಣ್ಣು ಗಮನಿಸದ ಸಣ್ಣ ಏರಿಳಿತಗಳನ್ನು ಕೈಬಿಡಬಹುದು. ಬೆಟ್ಟದ ಕಲ್ಲುಮುಳ್ಳುಗಳನ್ನು ಬಿಟ್ಟು ಬೆಟ್ಟವನ್ನು ಮಾತ್ರ ಕಳಿಸಿದ ಹಾಗೆ. 1988ರಲ್ಲಿ ಮುಖಾಮುಖಿ ದೂರಸಂಭಾಷಣೆಗೆಂದು ಬಂದ ಎಚ್.261 ಎಂಬ ಅಂತರರಾಷ್ಟ್ರೀಯ ಕ್ರಮವು ನಿಂತದ್ದು ಈ ಗಣಿತದ ಮೇಲೆಯೇ.

ಅಲ್ಲಿಂದ ಮುಂದೆ ಹಾದಿ ಇಳಿಜಾರು. 1992ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ‘ಸಿಯು-ಸೀಮಿ’ ಎಂಬ ತಂತ್ರಾಂಶ ಹುಟ್ಟಿತು. ಅಂಗೈಯಗಲದ, ಬೂದು ಬಣ್ಣದ, ತಡವರಿಸುವ ಚಿತ್ರ ಅದರದು. ಆದರೂ ಸಾಮಾನ್ಯ ಮೆಕಿಂತೋಷ್ ಗಣಕದಲ್ಲಿ ನಡೆಯುತ್ತಿದ್ದುದರಿಂದ, ಮರುವರ್ಷವೇ ಅಮೆರಿಕದ ಕೆಲವು ಶಾಲೆಗಳ ಮಕ್ಕಳು ಲಂಡನ್ನಿನ ಶಾಲೆಯೊಂದರ ಮಕ್ಕಳನ್ನು ಕಂಡು ಮಾತಾಡಿದರು. ಪಿಕ್ಚರ್‌ಫೋನಿನ ಹೊಳೆಯುವ ಚಿತ್ರ ಸೋತ ಕಡೆ ಈ ಮಸುಕು ಚಿತ್ರ ಗೆದ್ದಿತು. 2003ರಲ್ಲಿ ಸ್ಕೈಪ್ ಬಂದು, ಮುಂದೆ ಹೊರದೇಶದ ಮಕ್ಕಳ ಮುಖವನ್ನು ನಮ್ಮ ತಾಯಂದಿರಿಗೆ ತೋರಿಸಿತು. 2025ರ ಮೇ ತಿಂಗಳಲ್ಲಿ ಅದರ ಬಾಗಿಲೂ ಮುಚ್ಚಿತು. ಒಟ್ಟಾವಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದಲ್ಲಿ 2007ರಲ್ಲಿ, ಪಾಠಕ್ಕೆಂದೇ, ‘ಬಿಗ್‌ಬ್ಲೂಬಟನ್’ ಮೊದಲಾಯಿತು. ಜೂಮ್ 2013ರಲ್ಲಿಯೂ ಮೈಕ್ರೋಸಾಫ್ಟ್ ಟೀಮ್ಸ್, ಗೂಗಲ್ ಮೀಟ್‌ಗಳು 2017ರಲ್ಲಿಯೂ ಬಂದವು.

2020ರಲ್ಲಿ ಲೋಕವೆಲ್ಲ ಮನೆ ಸೇರಿದಾಗ ಜೂಮ್ ಮುಂದೆ ಬಂದುದಕ್ಕೆ ಒಂದು ಕಾರಣ ಸ್ಪಷ್ಟ: ಕರೆದವರ ಕೊಂಡಿಯನ್ನು ಒತ್ತಿದರೆ ಒಳಗೆ ಬಂದೆವು, ಖಾತೆ ತೆರೆಯುವ ಗೋಜಿಲ್ಲ. ಅದರ ದಿನದ ಸಭೆಗಳಲ್ಲಿ ಭಾಗವಹಿಸುವವರ ಎಣಿಕೆ 2019ರ ಡಿಸೆಂಬರಿನಲ್ಲಿ ಒಂದು ಕೋಟಿಯಷ್ಟಿದ್ದದ್ದು 2020ರ ಮಾರ್ಚಿಯಲ್ಲಿ 20 ಕೋಟಿಗೆ ಏರಿತೆಂದು ಆ ಸಂಸ್ಥೆಯೇ ಹೇಳಿತು. ಆದರೆ ಬಡ ವಿದ್ಯಾರ್ಥಿಗೆ ಸುಲಭವಾದ ಬಾಗಿಲು ಪೋಕರಿಗೂ ಸುಲಭವೇ. ತರಗತಿಗಳಿಗೆ ನುಗ್ಗಿ ಅಸಹ್ಯ ತೋರಿಸುವವರು ಹುಟ್ಟಿಕೊಂಡರು. ಏಪ್ರಿಲಿನಲ್ಲಿ ನಮ್ಮ ಕೇಂದ್ರ ಗೃಹ ಸಚಿವಾಲಯವು ಅದು ಸುರಕ್ಷಿತವಲ್ಲವೆಂದು ಎಚ್ಚರಿಸಿ, ಸರ್ಕಾರಿ ಕೆಲಸಕ್ಕೆ ಬಳಸಬಾರದೆಂದಿತು. ಸಂಸ್ಥೆಯವರು ಗುಪ್ತಪದವನ್ನೂ ಹೊರಗೆ ಕಾಯಿಸುವ ಪಡಸಾಲೆಯನ್ನೂ ವಾಡಿಕೆಯ ಏರ್ಪಾಡಾಗಿ ಮಾಡಿದರು. ಆರಿಸುವವರು ಇದನ್ನು ಮರೆಯಬಾರದು: ಬಾಗಿಲು ತೆರೆದಿರಬೇಕು, ಬಾಗಿಲಲ್ಲಿ ಒಬ್ಬರು ಕುಳಿತೂ ಇರಬೇಕು.

ಇನ್ನು ನನ್ನ ತಪ್ಪಿನ ಕಥೆ. ನಾವು ಆರಿಸಿದ ತಂತ್ರಾಂಶದ ಹೆಸರು ಇಲ್ಲಿ ಬೇಡ, ಚಿತ್ರವಂತೂ ಕನ್ನಡಿಯಂತಿತ್ತು. ಅರವತ್ತು ಮಂದಿಯ ತರಗತಿಯಲ್ಲಿ ಬರುತ್ತಿದ್ದವರು ಇಪ್ಪತ್ತು ಮಂದಿ. ಉಳಿದವರು ಸೋಮಾರಿಗಳೆಂದೇ ನಾನು ತೀರ್ಮಾನಿಸಿದ್ದೆ. ಹಿಂದಿನ ವರ್ಷ ಪಂಪನ ಪಾಠದಲ್ಲಿ ಮುಂದಿನ ಬೆಂಚಿನಿಂದ ಪ್ರಶ್ನೆ ಕೇಳುತ್ತಿದ್ದ ಹುಡುಗಿಯೊಬ್ಬಳು ಎರಡು ತಿಂಗಳು ಕಾಣಲೇ ಇಲ್ಲ. ಕೊನೆಗೆ ಫೋನ್ ಮಾಡಿ ಗದರಿಸುವ ಧ್ವನಿಯಲ್ಲಿಯೇ ಕೇಳಿದೆ. ಆಕೆ ಮೆಲ್ಲಗೆ ಹೇಳಿದಳು: “ಮನೆಗೆಲ್ಲ ಒಂದೇ ಫೋನು ಸಾರ್. ಬೆಳಿಗ್ಗೆ ತಮ್ಮನ ಕ್ಲಾಸು. ನನ್ನ ಸರದಿ ಬರೋ ಹೊತ್ತಿಗೆ ದಿನದ ಡೇಟಾ ಮುಗಿದಿರುತ್ತೆ. ನೀವು ಕಾಣದಿದ್ರೂ ಪರವಾಗಿಲ್ಲ ಸಾರ್, ಕೇಳಿಸಿದ್ರೆ ಸಾಕು.”

ಆ ರಾತ್ರಿ ಗಣಕದ ಮಿತ್ರರೊಡನೆ ಕುಳಿತು ಲೆಕ್ಕ ಹಾಕಿದೆ. ಚಿತ್ರ ಸೆಕೆಂಡಿಗೆ 500 ಕಿಲೋಬಿಟ್ಟಿನಂತೆ ಹರಿದರೆ ಗಂಟೆಗೆ 225 ಮೆಗಾಬೈಟು. ನಾಲ್ಕು ತರಗತಿಗೆ 900. ತಮ್ಮನದೂ ಸೇರಿದರೆ 1,800. ಆಕೆಯ ಮನೆಯ ಫೋನಿಗೆ ದಿನಕ್ಕೆ ಸಿಗುತ್ತಿದ್ದುದು ಒಂದೂವರೆ ಗಿಗಾಬೈಟು. ಬರಿಯ ಧ್ವನಿಯಾದರೆ, ಸೆಕೆಂಡಿಗೆ 40 ಕಿಲೋಬಿಟ್ಟಿನಂತೆ, ಗಂಟೆಗೆ 18 ಮೆಗಾಬೈಟು ಸಾಕು. ನನ್ನ ಮುಖದ ಬೆಲೆ ಇಷ್ಟೆಂದು ನನಗೆ ಗೊತ್ತೇ ಇರಲಿಲ್ಲ!

ಮರುದಿನದಿಂದ ಮೊದಲ ಎರಡು ನಿಮಿಷ ಮುಖ ತೋರಿಸಿ ನಮಸ್ಕಾರ ಹೇಳಿ, ಚಿತ್ರವನ್ನು ಮುಚ್ಚಿ, ಓದತೊಡಗಿದೆ. ಹಳಗನ್ನಡ ಕಿವಿಗೆಂದೇ ಹುಟ್ಟಿದ ಕಾವ್ಯವಲ್ಲವೆ? ತಿಂಗಳೊಳಗೆ ತರಗತಿ ನಲವತ್ತಕ್ಕೆ ಏರಿತು. ಉಳಿದ ಇಪ್ಪತ್ತು ಮಂದಿಗೆ ಧ್ವನಿಯೂ ಮುಟ್ಟಲಿಲ್ಲ. ಆ ಲೆಕ್ಕವನ್ನು ಯಾವ ತಂತ್ರಾಂಶದ ಮೇಲೂ ಹೊರಿಸಲಾರೆ. ಆ ವರ್ಷದ ಆಗಸ್ಟಿನಲ್ಲಿ ‘ವಿದ್ಯಾಗಮ’ ಯೋಜನೆಯಡಿ ನಮ್ಮ ಶಾಲಾ ಶಿಕ್ಷಕರು ದೇವಸ್ಥಾನದ ಜಗಲಿಗಳಿಗೆ, ಮರದ ನೆರಳಿಗೆ ತಾವೇ ನಡೆದು ಹೋಗಿ ಪಾಠ ಹೇಳಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದನ್ನೂ ನಿಲ್ಲಿಸಬೇಕಾಯಿತು. ಕಚೇರಿಯ ಕೆಲಸಗಾರನಿಗೆ ಗಣಕವನ್ನು ಯಜಮಾನನೇ ಕೊಟ್ಟಾನು. ಅಲ್ಲಿ ಎರಡು ತುದಿಗಳೂ ಸಮ. ಶಾಲೆಯಲ್ಲಿ ಹಾಗಲ್ಲ.

ಈ ವರ್ಷ ಕಾಲೇಜಿನವರು ತಂತ್ರಾಂಶದ ವಾರ್ಷಿಕ ಚಂದಾ ನವೀಕರಿಸುವ ಮುನ್ನ ಮತ್ತೆ ಸಮಿತಿ ಮಾಡಿದ್ದಾರೆ. ನಡವಳಿ ಬರೆಯುವವನು ಮತ್ತೆ ನಾನೇ. ಮಿತ್ರರು ಹೊಸ ಪಟ್ಟಿ ತಂದರು, ಹೊಸ ಹೆಸರುಗಳು, ಹೊಸ ಸೊಗಸುಗಳು. ನಾನು ಈ ಸಲ ಒಂದೇ ಕೋರಿಕೆ ಮಂಡಿಸಿದೆ: ಆರಿಸುವ ಮೊದಲು ಪ್ರತಿಯೊಂದನ್ನೂ ನಮ್ಮ ಸಭಾಂಗಣದಲ್ಲಲ್ಲ, ಬಸ್ಸು ನಿಲ್ಲುವ ಕೊನೆಯ ಊರಿನಲ್ಲಿ, ಹಳೆಯ ಫೋನೊಂದರಲ್ಲಿ ತೆರೆದು ನೋಡಬೇಕು. ಸಭೆ ಒಪ್ಪಿತು. ಬರುವ ಶನಿವಾರ ಬೆಳಗಿನ ಬಸ್ಸಿಗೆ ನಾನೂ ಗಣಕದ ಮಿತ್ರರೂ ಹೊರಡುತ್ತೇವೆ.